ಮೇಲಿನ ಮೂರು ಮೆಟ್ಟಿಲು

"ಮೇಡಂ, ಕ್ಯಾನ್ಸರ್ ಚಿಕಿತ್ಸೆ ಕಲಿಯುವುದಕ್ಕೆ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲು?" ಎಂದು ಗುರುಲಿಂಗ ಕೇಳಿದ.

ಎಂ.ಡಿ. ಮುಗಿಸಿದ್ದ ಅವನಿಗೆ ಫೆಲೋಶಿಪ್ಪಿನ ಅರ್ಜಿ ಹಾಕಲು ಅದೇ ಕಡೆಯ ದಿನ. ಮೊದಲ ಆಯ್ಕೆ ಯಾವುದೆಂದು ಬರೆಯಬೇಕಿತ್ತು. ಅಲ್ಲಿ ಕೈ ನಿಂತಿತ್ತು. ಹನ್ನೊಂದು ಆಸ್ಪತ್ರೆಗಳನ್ನು ಅಳೆದು ತೂಗಿ ಪಟ್ಟಿ ಮಾಡಿದ್ದ. ಎಷ್ಟು ಪ್ರಬಂಧ, ಎಷ್ಟು ಹೊಸ ಔಷಧ, ನೂರಕ್ಕೆ ಎಷ್ಟು ಮಂದಿ ಉಳಿದರು. ಮದುವೆಗೆ ಜಾತಕ ನೋಡುವವರೂ ಅಷ್ಟು ಕೂಡಿಸಿ ಕಳೆಯುವುದಿಲ್ಲ.

ಅವನಿಗೆ ಪಾಠ ಹೇಳಿದ್ದ ಡಾಕ್ಟರ್ ವಾರಿಜಾ ಪಟ್ಟಿಯನ್ನು ಮೇಜಿನ ಮೇಲೆ ಮಗುಚಿಟ್ಟು ಹೇಳತೊಡಗಿದರು.

ಒಂದು ರಾಜ್ಯದಲ್ಲಿ ಗಡ್ಡೆಯ ರೋಗಕ್ಕೆ ಮದ್ದು ಕಲಿಸುವ ಎರಡು ವೈದ್ಯಶಾಲೆಗಳಿದ್ದವು. ಒಂದು ಗುಡ್ಡದ ಮೇಲೆ, ಇನ್ನೊಂದು ಕೆಳಗೆ ಸಂತೆಬೀದಿಯಲ್ಲಿ. ಗುಡ್ಡದ ಶಾಲೆಯಲ್ಲಿ ನೂರಕ್ಕೆ ಎಂಬತ್ತು ಮಂದಿ ಬದುಕುತ್ತಿದ್ದರು. ಕೆಳಗಿನದರಲ್ಲಿ ಇಪ್ಪತ್ತು. ಯಾವುದು ಮೊದಲು, ಯಾವುದು ಕೊನೆ ಎಂದು ರಾಜ ವರ್ಷಕ್ಕೊಮ್ಮೆ ಡಂಗುರ ಹೊಡೆಸುತ್ತಿದ್ದ. ಡಂಗುರ ಕೇಳಿದ ಒಬ್ಬ ತರುಣ ಗುಡ್ಡ ಹತ್ತಿದ.

ಗುಡ್ಡದ ಶಾಲೆಯ ಬಾಗಿಲಿಗೆ ಏಳು ಮೆಟ್ಟಿಲು. ತಾನಾಗಿ ಹತ್ತಿ ಬಂದ ರೋಗಿಗೆ ಮಾತ್ರ ಒಳಗೆ ಹಾಸಿಗೆ. ಉಳಿದವರನ್ನು ಕೆಳಗಿನ ಶಾಲೆಗೆ ಕಳಿಸುತ್ತಿದ್ದರು. ಹತ್ತಲಾರದ ಮೈ ನಮ್ಮ ಮದ್ದನ್ನು ತಾಳಿಕೊಳ್ಳುವುದಿಲ್ಲ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ತರುಣ ಅಲ್ಲೇ ಕಲಿತು ಅಲ್ಲೇ ಮುಖ್ಯನಾದ. ಒಂದು ವರ್ಷ ಎಂಬತ್ತು ಎಪ್ಪತ್ತಾರಕ್ಕೆ ಇಳಿಯಿತು. ಅವನು ಮೂರು ಮೆಟ್ಟಿಲು ಹೆಚ್ಚಿಗೆ ಕಟ್ಟಿಸಿದ. ಮರುವರ್ಷ ಎಂಬತ್ತೆಂಟು. ಮದ್ದು ಅದೇ.

ಆಮೇಲೆ ಅವನ ತಾಯಿಗೇ ಗಡ್ಡೆ ಎದ್ದಿತು. ಮಗನ ಶಾಲೆ ಇರುವಾಗ ಬೇರೆಲ್ಲಿಗೆ ಹೋಗುವುದು ಎಂದು ಬಂದಳು. ಏಳು ಮೆಟ್ಟಿಲು ಹತ್ತಿದಳು. ಎಂಟನೆಯದರ ಮೇಲೆ ಕುಳಿತುಬಿಟ್ಟಳು.

"ಏಳೇ ಅಂದಿದ್ದೆಯಲ್ಲೋ ಮಗನೇ," ಎಂದಳು. "ಏಳಕ್ಕಾಗುವಷ್ಟೇ ಉಸಿರು ಇಟ್ಟುಕೊಂಡು ಬಂದೆ."

ಮುಖ್ಯನ ಹಿಂದೆ ಅವನ ಶಿಷ್ಯರೆಲ್ಲ ನಿಂತಿದ್ದರು. ಅವರಿಗೆ ನಿಯಮ ಕಲಿಸಿದವನು ಅವನೇ. ಇಳಿದು ಬಂದು ತಾಯಿಯನ್ನು ಎತ್ತಿಕೊಂಡ. ಮೇಲಕ್ಕೆ ಹೊರಲಿಲ್ಲ, ಕೆಳಕ್ಕೆ ಹೊತ್ತ.

ಸಂತೆಬೀದಿಯ ಶಾಲೆಗೆ ಮೆಟ್ಟಿಲಿರಲಿಲ್ಲ. ಅಲ್ಲಿನ ಮುದಿ ವೈದ್ಯ ಏನೂ ಕೇಳದೆ ಚಾಪೆ ಹಾಸಿದ. ಒಬ್ಬ ಶಿಷ್ಯೆ ಎಂಟು ದಿನ ಆಕೆಯ ತುಟಿಗೆ ಹತ್ತಿಯಲ್ಲಿ ನೀರು ಹಿಂಡಿದಳು. ಮಗ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ಆ ಕೆಲಸ ಅವನಿಗೆ ಯಾರೂ ಕಲಿಸಿರಲಿಲ್ಲ. ಒಂಬತ್ತನೆಯ ದಿನ ಆಕೆ ತೀರಿಕೊಂಡಳು. ಕೆಳಗಿನ ಶಾಲೆಯ ಸಾವಿಗೆ ಇನ್ನೊಂದು ಸೇರಿತು. ಗುಡ್ಡದ ಎಂಬತ್ತೆಂಟು ಹಾಗೇ ಉಳಿಯಿತು.

ವಾರಿಜಾ ಕತೆ ನಿಲ್ಲಿಸಿದರು.

"ಹಾಗಾದರೆ ಕೊನೆಯದನ್ನೇ ಮೊದಲು ಬರೆಯಲೇ, ಮೇಡಂ?" ಗುರುಲಿಂಗ ಅರ್ಧ ನಗುತ್ತ ಪೆನ್ನು ತೆಗೆದ.

ಅವರು ಪಟ್ಟಿಯನ್ನು ಮತ್ತೆ ಮಗುಚಿ ಅವನ ಕಡೆಗೆ ಸರಿಸಿದರು.

"ಈ ಹನ್ನೊಂದಕ್ಕೂ ಮೆಟ್ಟಿಲು ಎಷ್ಟೆಷ್ಟಪ್ಪ?"