ಜವರನ ಪುಡಿ, ಗುರುವಿನ ಗುದ್ದಲಿ

ನದಿ ದಂಡೇಲಿ ಒಂದು ಗರಡಿಮನೆ. ಅಲ್ಲಿ ಮರಿದೇವಯ್ಯ ಅನ್ನೋ ವಯಸ್ಸಾದ ಗುರು, ಜವರ ಅನ್ನೋ ಶಿಷ್ಯ.

ಜವರ ಪಟ್ಟು ಚೆನ್ನಾಗೇ ಹಾಕ್ತಿದ್ದ. ಉಸಿರು ಮಾತ್ರ ಅವನಿಗಿಂತ ಮುಂಚೆ ಸೋಲ್ತಿತ್ತು. ಆಚೆ ದಡದ ಗರಡಿಯವರ ಜೊತೆ ಕುಸ್ತಿ ಹತ್ತಿರ ಬಂದಿತ್ತು. ಈ ಸಲ ಗುರುಗಳು ತನ್ನನ್ನೇ ಕಳಿಸ್ಬೇಕು ಅಂತ ಅವನಾಸೆ.

ಒಂದಿನ ಪೇಟೆಯಿಂದ ಡಬ್ಬಿ ತಂದ.

"ಏನಪ್ಪ ಇದು?"

"ಶಕ್ತಿ ಪುಡಿ ಗುರುಗಳೇ. ತಿಂದ್ರೆ ಮಾಂಸಖಂಡದೊಳಗೆ ಮೈಟೋಕಾಂಡ್ರಿಯ ಬೆಳೀತವಂತೆ."

"ಅಂದ್ರೆ?"

"ಕಣ್ಣಿಗೆ ಕಾಣದಷ್ಟು ಸಣ್ಣ ಒಲೆಗಳಿದ್ದಂಗೆ. ಅವು ಜಾಸ್ತಿ ಆದ್ರೆ ದಮ್ಮೂ ಜಾಸ್ತಿ."

"ಒಳ್ಳೇದು. ಮದುವೆ ಮನೇಲಿ ಹೆಚ್ಚಿಗೆ ಒಲೆ ಯಾವಾಗ ಹೂಡ್ತಾರೆ?"

"ಊಟಕ್ಕೆ ಜನ ಜಾಸ್ತಿ ಬಂದಾಗ."

"ಯಾರೂ ಬರ್ದೆ ಬರೀ ಸೌದೆ ತಂದು ಒಟ್ಟಿದ್ರೆ?"

ಜವರ ಡಬ್ಬಿ ತಿರುಗಿಸಿ ಹೆಸರು ನೋಡ್ದ.

"ಸೌದೆ ಒಳ್ಳೇ ಕಂಪನೀದು ಗುರುಗಳೇ."



ಆ ಗರಡೀಲಿ ಒಂದು ಪದ್ಧತಿ. ದಿನಾ ಬೆಳಿಗ್ಗೆ ಕುಸ್ತಿಗೆ ಮುಂಚೆ ಅಖಾಡದ ಕೆಮ್ಮಣ್ಣನ್ನ ಅಗೆದು ಮೆತ್ತಗೆ ಮಾಡ್ಬೇಕು. ಆ ಕೆಲಸ ಜವರನದು.

"ಅಗೆದ್ರೆ ಪುಡಿಯ ಶಕ್ತಿಯೆಲ್ಲ ಖರ್ಚಾಗುತ್ತೆ. ಕುಸ್ತಿ ಮುಗಿಯೋವರೆಗೂ ಬಿಡುವು ಕೊಡಿ," ಅಂದ.

"ಸರಿ. ನಾನೇ ಅಗೀತೀನಿ. ನೀನು ತಿನ್ನು."

ದಿನಾ ಗುರು ಅಗೆದ್ರು. ಜವರ ಕಟ್ಟೆ ಮೇಲೆ ಕೂತು ತಿಂದ. ಒಂದಿನ ಜೋರಾಗಿ ಸೀನು ಬಂದು ಪುಡಿಯೆಲ್ಲ ಅಖಾಡಕ್ಕೆ ಹಾರ್ತು. ಇರುವೆಗಳು ಸಾಲಾಗಿ ಬಂದು ಹೊತ್ಕೊಂಡು ಹೊರಟವು.

"ಅವಕ್ಕೆ ಮೈಗೆ ಹತ್ತುತ್ತೆ," ಅಂದ್ರು ಗುರು. "ಹೊತ್ಕೊಂಡು ನಡೀತಿದಾವೆ ನೋಡು."

ಜವರ ಇನ್ನೊಂದು ಡಬ್ಬಿ ತಂದ.

ಕುಸ್ತಿಗೆ ಯಾರು ಅಂತ ಆರಿಸೋ ದಿನ ಬಂತು. "ಬಾ, ಗರಡಿ ಹಿಂದಿನ ಮೆಟ್ಟಿಲು ಹತ್ತಿ ಗುಡ್ಡದ ಮೇಲಿನ ಗುಡಿಗೆ ಕೈ ಮುಗಿದು ಬರೋಣ," ಅಂದ್ರು ಗುರು.

ಅರ್ಧದಲ್ಲೇ ಜವರ ಎದೆ ಹಿಡ್ಕೊಂಡು ಕೂತ. ಗುರು ಕೈ ಮುಗಿದು, ಏನೋ ಗುನುಗ್ತಾ ಇಳಿದು ಬಂದ್ರು.

"ನಿಮಗೂ... ಮುಂಚೆ ಏದುಸಿರು ಬರ್ತಿತ್ತಲ್ಲ ಗುರುಗಳೇ?"

"ಬರ್ತಿತ್ತು. ಅಗೆದೂ ಅಗೆದೂ ಹೋಯ್ತು."

"ಹಂಗಾದ್ರೆ ಈ ಸಲ ನನ್ನ ಕಳಿಸಲ್ವಾ?"

"ಈ ಸಲ ಇಲ್ಲ."

 ಜವರ ಕಣ್ಣು ಒರೆಸ್ಕೊಂಡ.

"ನಾಳೆಯಿಂದ ಗುದ್ದಲಿ ನಂಗೆ ಕೊಡಿ."

ಗುರು ಅವನ ಎರಡೂ ಕೈ ಹಿಡ್ಕೊಂಡ್ರು.

"ದೊಡ್ಡ ಉಪಕಾರ ಮಾಡ್ದೆ ಜವರ. ನೀನು ಗುದ್ದಲಿ ಬಿಟ್ಟಿದ್ದಕ್ಕೇ ನಂಗೆ ಈ ದಮ್ಮು ಬಂತು. ಅಗೆಯೋಕೆ ಅರ್ಧ ಅಖಾಡ ಬಿಟ್ಕೊಡ್ತೀನಿ. ಪೂರ್ತಿ ಮಾತ್ರ ಕೇಳ್ಬೇಡ."