ಆಕಾಶಕ್ಕೊಂದು ಪಾತಾಳಗರಡಿ

“ಕೇಳಿರಯ್ಯಾ ಕೇಳಿ! ಆಕಾಶದಲ್ಲಿ ರಥ ಓಡಿಸಿ ವ್ಯಾಪಾರ ಮಾಡುವವರು ರಾಣಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಆಕಾಶದ ಬಾಗಿಲ ಬೀಗದಕೈ. ತಪ್ಪಿದವನ ತಲೆ ಉಳಿಯದು!”

ಡಂಗುರ ಕೇಳಿ ಮೊದಲು ಬಂದವನು ರಥಗಳ ಸಾಹುಕಾರ ಚಂದ್ರಯ್ಯ.

“ಎಲ್ಲರೂ ದಾಟುವ, ಯಾರೂ ಬೇಲಿ ಹಾಕಲಾಗದ ಹೊಲ ಯಾವುದು?” ಎಂದಳು ರಾಣಿ.

“ಅಂಥ ಹೊಲವೇ ಇಲ್ಲ. ಚಂದ್ರನ ಮೇಲೂ ನನ್ನ ಗೂಟ ನೆಟ್ಟಾಗಿದೆ!”

ಭಟರು ಅವನನ್ನು ಎಳೆದೊಯ್ದರು. ಆಮೇಲೆ ಬಂದ ದಂಡನಾಯಕ ಆಕಾಶವೆಂದು ಸರಿಯಾಗಿಯೇ ಹೇಳಿದ.

“ಬಿಟ್ಟರೆ ಬೀಳದು, ಬಿಟ್ಟವನನ್ನೇ ಸುತ್ತಿ ಬಂದು ಹೊಡೆಯುವುದು ಯಾವುದು?”

“ಶತ್ರುವಿನ ಬಾಣ” ಎಂದು ಅವನೂ ಸೆರೆಮನೆ ಸೇರಿದ.

ಮೂರನೆಯವನು ಮುದ್ದೀರ. ಬಾವಿಗೆ ಬಿದ್ದ ಕೊಡಗಳನ್ನು ಎತ್ತಿಕೊಡುವ ಬಡವ. ಹೆಗಲ ಮೇಲೆ ಹಗ್ಗ, ಹಗ್ಗದ ತುದಿಗೆ ಕೊಕ್ಕೆಗಳ ಗೊಂಚಲು, ಪಾತಾಳಗರಡಿ.

“ಏಯ್, ಇಲ್ಲಿ ಯಾರ ಕೊಡ ಬಿದ್ದಿದೆಯೋ?” ಜನ ನಕ್ಕರು.

“ಕೊಡವಲ್ಲಣ್ಣ, ರಥದ ಚೂರು. ಮೇಲಿಂದ ನಮ್ಮೂರ ಬಾವಿಗೆ ಬಿದ್ದು ನೀರು ಕೆಟ್ಟಿದೆ. ಎತ್ತಿ ಎತ್ತಿ ಸಾಕಾಯಿತು. ಬೀಳಿಸುವವರನ್ನೇ ತಡೆಯೋಣವೆಂದು ಬಂದೆ.” ರಾಣಿಯ ಕಡೆ ತಿರುಗಿದ. “ಮೊದಲನೆಯದು ಆಕಾಶ, ತಾಯಿ. ಊರ ಬಾವಿಯಂತೆ ಅದು. ಸೇದಿಕೊಳ್ಳಬಹುದು, ನನ್ನದೆನ್ನುವ ಹಾಗಿಲ್ಲ. ಎರಡನೆಯದು ಒಡೆದ ರಥದ ಚೂರು. ಕೆಲವು ಕೆಳಗೆ ಬಿದ್ದರೂ, ಉಳಿದದ್ದೆಲ್ಲ ಮೇಲೆ ಸುತ್ತುತ್ತಲೇ ಇದ್ದು, ನಾಳೆ ನಮ್ಮ ರಥಕ್ಕೇ ಬಡಿಯುತ್ತದೆ.”

“ಸರಿ. ಮೇಲೆ ಹೋಗುವವನು ಕೆಳಗೆ ಏನನ್ನು ಬಿಟ್ಟು ಹೋಗಬೇಕು?”

ಮುದ್ದೀರ ಹಗ್ಗವನ್ನು ಹೆಗಲಿನಿಂದ ಇಳಿಸಿ ಯೋಚಿಸತೊಡಗಿದ. ಕಟುಕ ಕತ್ತಿ ಹಿಡಿದು ಹತ್ತಿರ ಬಂದ. ಮುದ್ದೀರನ ಕೈ ತಾನಾಗಿ ಕೊಕ್ಕೆಗಳನ್ನು ಸವರಿತು. ಅವು ಕಿಣಿಕಿಣಿ ಎಂದವು. ಆ ಸದ್ದಿಗೆ ಅಜ್ಜಿಯ ಜಗಲಿ ಕಣ್ಣಮುಂದೆ ಬಂತು. ಒದ್ದೆ ಹಗ್ಗದ ವಾಸನೆ. ಸಾಲಾಗಿ ಕೂತ ಪಾತ್ರೆಗಳು. ಪಾತಾಳಗರಡಿ ಕೇಳಲು ಹೆತ್ತ ಮಗಳೇ ಬಂದರೂ ಅಜ್ಜಿ ಬಿಡುತ್ತಿರಲಿಲ್ಲ: “ಮೊದಲು ಒಂದು ಪಾತ್ರೆ ಇಡು, ಆಮೇಲೆ ಒಯ್ಯಿ.”

“ಒತ್ತೆ, ತಾಯಿ! ಪಾತಾಳಗರಡಿ ಒಯ್ಯುವವರು ನಮ್ಮಜ್ಜಿಯ ಬಳಿ ಪಾತ್ರೆ ಇಟ್ಟ ಹಾಗೆ, ಹೆಸರು ಹೇಳಿ ಒತ್ತೆ ಇಟ್ಟು ಹೋಗಬೇಕು. ಯಾರಿಗಾದರೂ ಹಾನಿಯಾದರೆ ಅದರಿಂದ ತುಂಬಿಕೊಡಬೇಕು. ಒತ್ತೆ ಇಟ್ಟವನು ಮರೆಯದೆ ಹಿಂದಿರುಗುತ್ತಾನೆ.”

ರಾಣಿ ಎದ್ದು ನಿಂತಳು.

“ನಿಮ್ಮಜ್ಜಿ ಒತ್ತೆಯ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳೇ?”

“ಹೌದು. ತಮಗೆ ಹೇಗೆ ಗೊತ್ತು?”

“ನಮ್ಮವ್ವನ ಹಿತ್ತಾಳೆ ತಂಬಿಗೆ ಎಷ್ಟು ಸಲ ಆ ಜಗಲಿಯ ಮೇಲಿತ್ತೋ! ಮದುವೆಯಾಗಿ ಇಲ್ಲಿಗೆ ಬರುವ ತನಕ ನಾನು ಕುಡಿದದ್ದು ಆ ಬಾವಿಯ ನೀರೇ, ಮುದ್ದೀರ. ಇಷ್ಟು ವರ್ಷದಲ್ಲಿ ಅದರ ಸುದ್ದಿ ತಂದವನು ನೀನೊಬ್ಬನೇ.”

ಬೀಗದಕೈ ಅವನ ಕೈಸೇರಿತು. ಸೋತವರ ತಲೆ ಉಳಿಯಿತು, ಆದರೆ ಬಾವಿಗಿಳಿದು ಚೂರು ಎತ್ತುವ ಕೆಲಸ ಅವರ ಪಾಲಿಗೆ ಬಂತು. ಅಂದಿನಿಂದ ಒತ್ತೆ ಇಡದೆ ಒಂದು ರಥವೂ ಮೇಲೇರಲಿಲ್ಲ.

ಮುದ್ದೀರ ಹೊರಟಾಗ ರಾಣಿ ಬಾಗಿಲ ತನಕ ಬಂದಳು.

“ನೀರು ತಿಳಿಯಾದ ದಿನ ನನಗೊಂದು ಕೊಡ ಕಳಿಸಪ್ಪ. ಕೊಡ ಹಿಂದೆ ಬರುತ್ತದೆ” ಎಂದು ರಾಜ್ಯದ ಮುದ್ರೆಯುಂಗುರ ಕಳಚಿ ಅವನ ಅಂಗೈಯಲ್ಲಿ ಒತ್ತೆ ಇಟ್ಟಳು.