ಎಂಜಲಾಗದ ತಟ್ಟೆ

"ಗುರುಗಳೇ, ಏನನ್ನೂ ಕೇಳದವರನ್ನು ಆಸೆ ಗೆದ್ದವರು ಎನ್ನಬಹುದೇ?" ಎಂದು ಶಿಷ್ಯ ಕೇಳಿದ.

ಶಿಷ್ಯ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ. ಸಂಸಾರಸ್ಥ. ಭಾನುವಾರ ಮಧ್ಯಾಹ್ನ ಗುರುಗಳ ಬಳಿ ಬರುತ್ತಿದ್ದ. ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಬರುತ್ತಿದ್ದ. ಉತ್ತರಗಳನ್ನೂ ಬರೆದುಕೊಂಡೇ ಬರುತ್ತಾನೆಂದು ಗುರುಗಳಿಗೆ ಅನುಮಾನವಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಗ್ಗದ ವ್ಯಾಪಾರಿ. ಅವನ ಹೆಂಡತಿಯ ಹೆಸರು ತುಂಗಾ. ಮದುವೆಯಾಗಿ ಮೂವತ್ತೊಂದು ವರ್ಷ. ಅಷ್ಟು ವರ್ಷದಲ್ಲಿ ಅವಳು ಗಂಡನನ್ನು ಏನನ್ನೂ ಕೇಳಿರಲಿಲ್ಲ. ವ್ಯಾಪಾರಿ ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ತನ್ನ ಸಾಧನೆ ಎಂಬಂತೆ ಹೇಳುತ್ತಿದ್ದ.

ಬರಬರುತ್ತ ತುಂಗಾ ಸೊರಗಿ ಇಳಿದುಹೋದಳು. ಒಂದು ದಿನ ಕೊಡಕ್ಕೆ ನೀರು ತುಂಬುವಾಗ ತಲೆಸುತ್ತಿ ಬಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿದರು. "ರೋಗ ಏನೂ ಇಲ್ಲ. ಊಟ ಸಾಲದು. ಹೀಗೇ ಬಿಟ್ಟರೆ ಮುಂದಿನ ಸಲ ನಡೆಸಿಕೊಂಡು ಬರೋಕಾಗಲ್ಲ, ಎತ್ತಿಕೊಂಡು ಬರಬೇಕಾಗುತ್ತೆ" ಎಂದರು.

ವ್ಯಾಪಾರಿಗೆ ಅವಮಾನವಾಯಿತು. ಮನೆಯಲ್ಲಿ ಅಕ್ಕಿ ಮೂಟೆಗಟ್ಟಲೆ ಇತ್ತು. ಹೆಂಡತಿ ಎಷ್ಟು ಉಣ್ಣುತ್ತಾಳೆಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಅವನು ಉಂಡು ಕೈ ತೊಳೆಯಲು ಎದ್ದ ಮೇಲೆ ಅವಳು ಕೂರುತ್ತಿದ್ದಳು. ಕೈ ಒರೆಸಿಕೊಂಡು ಅವನು ಅಂಗಡಿಗೆ ಹೋಗುತ್ತಿದ್ದ. ಅವಳು ಉಣ್ಣುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಅವರ ಬೀದಿಯಲ್ಲಿ ಹೊಸದೊಂದು ಹೋಟೆಲು ತೆರೆದಿತ್ತು. ಅಲ್ಲಿ ಪೂರ್ತಿ ಊಟ ಎಂಬುದಿಲ್ಲ. ಅಂಗೈಯಗಲದ ತಟ್ಟೆಗಳಲ್ಲಿ ಒಂದೊಂದೇ ಪದಾರ್ಥ ಮಾಡಿಕೊಡುತ್ತಾರೆ. ಅಲ್ಲಿಯಾದರೆ ಎದುರಿಗೇ ಕೂತು ತಿನ್ನುತ್ತಾಳೆ, ಕಣ್ಣಾರೆ ನೋಡಬಹುದು ಎಂದು ವ್ಯಾಪಾರಿ ಅವಳನ್ನು ಕರೆದುಕೊಂಡು ಹೋದ. ಇಬ್ಬರಿಗೂ ಅದು ಮೊದಲ ಸಲ.

ಹೋಟೆಲಿನ ಒಡತಿ ಇಬ್ಬರ ಮುಂದೆಯೂ ಒಂದೊಂದು ಖಾಲಿ ತಟ್ಟೆ ಇಟ್ಟಳು. "ಇಲ್ಲಿ ಅವರದು, ಇವರದು ಅಂತಿಲ್ಲಮ್ಮಾ. ಎಲ್ಲ ನಡುವೆ ಇಡ್ತೀವಿ. ಇಬ್ಬರೂ ಕೈ ಹಾಕಿ" ಎಂದಳು.

ಆರು ತಟ್ಟೆ ಬಂದವು. ಅವರೆಕಾಳಿನ ಉಸಲಿ, ಬದನೆಕಾಯಿ ಎಣ್ಣೆಗಾಯಿ, ಹುರಿದ ಹಾಗಲಕಾಯಿ, ಇನ್ನು ಮೂರು. ಕೈ ಹಾಕಿದರೆ ಎಂಜಲಾಗುತ್ತದೆಂದು ತುಂಗಾ ಚಮಚ ತೆಗೆದುಕೊಂಡಳು. ಗಂಡನಿಗೆ ಬಡಿಸಿದಳು. ಅವನು ತಿಂದ. ಮತ್ತೆ ಬಡಿಸಿದಳು. ಮತ್ತೆ ತಿಂದ. ಹಾಗಲಕಾಯಿಯೊಂದನ್ನು ಮಾತ್ರ ಬೇಡವೆಂದ. ನೋಡಲು ಬಂದವನು ನೋಡುವುದನ್ನು ಮರೆತ, ಅಡುಗೆ ಚೆನ್ನಾಗಿತ್ತು. ಮಿಕ್ಕ ತಟ್ಟೆಗಳ ತಳದಲ್ಲಿ ಒಂದೊಂದು ತುತ್ತು ಉಳಿದಾಗ ಅವನು ಕೈ ತೊಳೆಯಲು ಎದ್ದ.

ಮನೆಯಲ್ಲಾದರೆ ಅವಳ ಊಟ ಶುರುವಾಗುವ ಹೊತ್ತು ಅದು. ಹೋಟೆಲಿನವರಿಗೆ ಅದು ಊಟ ಮುಗಿದ ಗುರುತು. ಅವನು ಹಿಂದಿರುಗುವಷ್ಟರಲ್ಲಿ ಮೇಜು ಒರೆಸಿಯಾಗಿತ್ತು. ತುಂಗಾ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು.

"ಹೊಟ್ಟೆ ತುಂಬಿತೇನೇ?"

"ಹೂಂ ರೀ, ತುಂಬಿತು."

ಪಕ್ಕದಲ್ಲಿ ತಟ್ಟೆ ಪೇರಿಸುತ್ತಿದ್ದ ಒಡತಿ ಸುಮ್ಮನಿರಲಿಲ್ಲ. "ಎಲ್ಲಿಂದ ತುಂಬುತ್ತೆ ಯಜಮಾನ್ರೇ? ಅಮ್ಮಾವ್ರ ತಟ್ಟೆ ನೋಡಿ, ಎಂಜಲೇ ಆಗಿಲ್ಲ. ನಮಗೆ ತೊಳೆಯೋ ಕೆಲಸ ಉಳಿಸಿದ್ರಿ."

ವ್ಯಾಪಾರಿ ಆ ತಟ್ಟೆಯನ್ನು ನೋಡಿದ. ಮತ್ತೆ ಕೂತ.

"ಏನು ತಿಂತೀಯ ಹೇಳು."

"ನಿಮಗೇನು ಬೇಕೋ ಅದೇ ಹೇಳಿ."

"ನನ್ನದು ಆಯ್ತಲ್ಲೇ. ನಿನಗೆ ಏನಿಷ್ಟ?"

ಅವಳು ಯೋಚಿಸಿದಳು. ಉತ್ತರ ಸಿಗಲಿಲ್ಲ. ಹುಡುಕಿ ಬಹಳ ವರ್ಷವಾಗಿತ್ತು.

"ಬದನೆಕಾಯಿ ತರಿಸ್ಲಾ? ಮನೇಲಿ ವಾರಕ್ಕೆ ನಾಲ್ಕು ದಿನ ಅದನ್ನೇ ಮಾಡ್ತೀಯಲ್ಲ."

"ಅದು ನಿಮಗಿಷ್ಟ ರೀ. ನನಗೆ ಬದನೆಕಾಯಿ ತಿಂದ್ರೆ ಬಾಯೆಲ್ಲ ತುರಿಸುತ್ತೆ."

"ಮತ್ತೆ ಆವತ್ತೆಲ್ಲ ಏನು ತಿಂತಿದ್ದೆ?"

"ಮಜ್ಜಿಗೆ ಇರುತ್ತಲ್ಲ."

ವ್ಯಾಪಾರಿ ಒಡತಿಯನ್ನು ಕೂಗಿದ. ಬದನೆಕಾಯಿಯೊಂದನ್ನು ಬಿಟ್ಟು ಅವೇ ತಟ್ಟೆಗಳನ್ನು ಮತ್ತೆ ತರಿಸಿದ. ಚಮಚವನ್ನು ತಾನು ಹಿಡಿದ. ಬಡಿಸಿ ಅಭ್ಯಾಸವಿಲ್ಲದ ಕೈ. ಅರ್ಧ ತಟ್ಟೆಗೆ ಬಿತ್ತು, ಅರ್ಧ ಮೇಜಿಗೆ. ತುಂಗಾ ನಕ್ಕಳು. ಆದರೆ ತಿನ್ನಲಿಲ್ಲ.

"ನೀವು ಹೀಗೆ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ ರೀ. ಆ ಕಡೆ ತಿರುಗಿ."

ಅವಳು ಉಣ್ಣುವುದನ್ನು ನೋಡಲೆಂದೇ ಬಂದವನು ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತ. ದಾರಿಯಲ್ಲಿ ಹೋಗುತ್ತಿದ್ದ ಪರಿಚಯದವನೊಬ್ಬ, "ಏನ್ರೀ, ಮನೆಯವರ ಹತ್ರ ಜಗಳಾನಾ?" ಎಂದು ಕೇಳಿ ನಗುತ್ತ ಹೋದ. ವ್ಯಾಪಾರಿಯ ಗಮನ ಹಿಂದಿನ ಮೇಜಿನ ಮೇಲಿತ್ತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಬಳೆಯ ಸದ್ದಾಯಿತು. ಒಂದು ತಟ್ಟೆ ಸರಿಯಿತು. ತುಸು ತಡೆದು ಇನ್ನೊಂದು ಸರಿಯಿತು. ಅವನು ಕದಲಲಿಲ್ಲ. ಕದಲಿದರೆ ಅವಳು ನಿಲ್ಲಿಸಿಬಿಡುತ್ತಾಳೆಂದು ಹೆದರಿದ.

"ರೀ."

"ಏನೇ?"

"ಹಾಗಲಕಾಯಿ ಇನ್ನೊಂದು ತಟ್ಟೆ ಹೇಳ್ರೀ."

ಮೂವತ್ತೊಂದು ವರ್ಷದಲ್ಲಿ ಆ ಮನೆಗೆ ಹಾಗಲಕಾಯಿ ಬಂದಿರಲಿಲ್ಲ. ವ್ಯಾಪಾರಿಗೆ ಕಹಿ ಆಗದು. ಅವನು ಎದ್ದ. ಒಡತಿಯನ್ನು ಕರೆಯದೆ ತಾನೇ ಅಡುಗೆಮನೆಯ ಬಾಗಿಲಿಗೆ ಹೋಗಿ ಕಾದು ನಿಂತು ತಟ್ಟೆ ತಂದ. ಹೆಂಡತಿಯ ಮುಂದಿಟ್ಟ. ಅವಳ ಮುಖ ನೋಡದೆ ಮತ್ತೆ ಬೀದಿಯ ಕಡೆ ತಿರುಗಿ ಕೂತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಸ್ವಲ್ಪ ಹೊತ್ತು ಬರೆದುಕೊಂಡ. ಆಮೇಲೆ ತಲೆಯೆತ್ತಿ, "ಹಾಗಾದರೆ ಆಕೆಯಲ್ಲಿ ಆಸೆ ಇನ್ನೂ ಉಳಿದಿತ್ತು ಎಂದಾಯಿತು. ಗೆದ್ದವಳಲ್ಲ" ಎಂದ.

ಗುರುಗಳು ಕೇಳಿದರು: "ಇವತ್ತು ನೀನು ಉಂಡು ಇಲ್ಲಿಗೆ ಹೊರಟಾಗ, ನಿನ್ನ ಮನೆಯಲ್ಲಿ ಇನ್ನೂ ಯಾರ ಊಟ ಬಾಕಿ ಇತ್ತು?"